ಕಾಯಲಾರದ ಪ್ರೇಮಕುಮಾರ

ಇಳಕಲ್ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ರಿಪೇರಿ ಮಾಡುವ ಪ್ರೇಮಕುಮಾರನಿಗೆ ಕಾಯುವುದೆಂದರೆ ಆಗದು. ಚಹಾ ಆರುವವರೆಗೂ ತಡೆಯದೆ ನಾಲಿಗೆ ಸುಟ್ಟುಕೊಳ್ಳುತ್ತಾನೆ. ಯಾವ ಕಂಪ್ಯೂಟರ್ ಬಂದರೂ ಮೊದಲು ಅದು ಶುರುವಾಗಲು ಹಿಡಿಯುವ ಹೊತ್ತನ್ನು ಮೊಬೈಲಿನಲ್ಲಿ ಅಳೆದು, “ಏನ್ರಿ ಇದು! ಅಷ್ಟರಾಗ ಹುನಗುಂದಕ್ಕ ಹೋಗಿ ಬರಬಹುದು,” ಎನ್ನುತ್ತಾನೆ. ಹೋದ ತಿಂಗಳು ಸೀರೆ ಅಂಗಡಿಯೊಂದರ ಕಂಪ್ಯೂಟರ್ ಬಂತು. ಸೆರಗಿನ ವಿನ್ಯಾಸ ಬಿಡಿಸುವ ಅವರ ಹಳೆಯ ಪ್ರೋಗ್ರಾಮ್ ಹೊಸ ವಿಂಡೋಸಿನಲ್ಲಿ ನಡೆಯದು. ಅದಕ್ಕೆಂದೇ ಒಳಗೆ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಹಳೆಯ ಕಂಪ್ಯೂಟರ್, ಇತ್ತು. ಅದು ಶುರುವಾಗಲು ಹನ್ನೊಂದು ನಿಮಿಷ ಬೇಕು. ಪ್ರೇಮಕುಮಾರ ಅದನ್ನು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕಿಗೆ ಸಾಗಿಸಿದ, ಮೆಮೊರಿ ಹೊಂದಿಸಿದ, ಬೇಡದ್ದನ್ನೆಲ್ಲ ತೆಗೆದ, ನಲವತ್ತು ಸೆಕೆಂಡಿಗೆ ಇಳಿಸಿ ಕೊಟ್ಟ. ವಾರದ ನಂತರ ಅಲ್ಲಿ ವಿನ್ಯಾಸ ಬಿಡಿಸುವ ಶಾರವ್ವ ಬಂದಳು. “ಅಮೀನಗಡದಾಗ ಮನ್ಯಾಗ ಎಲ್ಲಾರಿಗೂ ಅಡಿಗಿ ಮಾಡಿಟ್ಟು ಬಸ್ ಹಿಡಿತೇನ್ರಿ. ಆ ಹನ್ನೊಂದು ನಿಮಿಷದಾಗ ಕುಂತು ರೊಟ್ಟಿ ತಿಂತಿದ್ದೆ. ಈಗ ಬಂದ ಕೂಡಲೆ ಕೆಲಸಾ ಹಚ್ತಾರ. ಮೊದಲಿನಂಗ ಮಾಡಿಕೊಡ್ರಿ,” ಎಂದಳು. ಮರುದಿನ ಪ್ರೇಮಕುಮಾರ ಪರೀಕ್ಷಿಸುವ ನೆಪದಲ್ಲಿ ಸೀರೆ ಅಂಗಡಿಗೆ ಹೋಗಿ, ಶುರುವಾಗುವ ಮುನ್ನ ಹತ್ತು ನಿಮಿಷ ಸುಮ್ಮನಿರುವಂತೆ ಅದಕ್ಕೆ ಆಜ್ಞೆ ಬರೆದು ಬಂದ. ಅಂಗಡಿಯ ಮಾಲೀಕರು ಫೋನಿನಲ್ಲಿ ರೇಗಿದಾಗ, ನನ್ನ ಕಂಪ್ಯೂಟರ್ ತೋರಿಸಲು ಹೋಗಿದ್ದ ನಾನು ಅವನ ಪಕ್ಕದಲ್ಲೇ ಇದ್ದೆ. “ಮತ್ತ ಹಂಗ ಆತಲ್ಲೋ!” ಎಂದು ಅವರು ಕೂಗಿದ್ದು ನನಗೂ ಕೇಳಿಸಿತು. “ಹಳೇ ಮಶೀನ್ರಿ. ನನ್ನ ಕೈಲೆ ಆಗಲಿಲ್ಲ,” ಎಂದ ಪ್ರೇಮಕುಮಾರ. ಆ ಮಾತನ್ನು ಅವನ ಬಾಯಿಂದ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.