ಎರಡನೆಯ ಕರೆ

ಮಧ್ಯಾಹ್ನ ಎರಡು ಗಂಟೆಗೆ ಶುರುವಾಯಿತು. ಹಾಡುಹಗಲು. ಇಂಥದ್ದನ್ನು ಹೇಳುವವರ ಮುಂದೆ ಒಂದು ಕಾಲದಲ್ಲಿ ನಾನೂ ನಕ್ಕವನೇ. ಆದ್ದರಿಂದ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಕೊನೆ. ಡಲ್ಲಾಸ್ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ಸಾಹಿತ್ಯ, ತತ್ತ್ವಶಾಸ್ತ್ರ ಓದುತ್ತಿದ್ದೆ. ಇಡೀ ಕಾಲೇಜಿಗೆ ನಾನೊಬ್ಬನೇ ಭಾರತೀಯ. ಕ್ರಿಸ್‌ಮಸ್ ರಜೆಗೆ ಹಾಸ್ಟೆಲಿಗೆ ಬೀಗ ಬಿತ್ತು. ಊರಿಗೆ ಹೋಗಲಾಗದ ನನಗೆ ಕಾಲೇಜಿನ ಹಿಂದಿನ ಹಳೆಯ ಮನೆಯಲ್ಲಿ ಒಂದು ಕೋಣೆ ಕೊಟ್ಟರು. ಜೊತೆಗಿರಲೆಂದು ಗೆಳೆಯ, ಹುಬ್ಬಳ್ಳಿಯ ಬಸವರಾಜ ಬಂದ. ಅವನು ಹೂಸ್ಟನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ.

ಅಂದು ಉತ್ತರದ ಗಾಳಿ ಬೀಸಿ ಏಕಾಏಕಿ ಚಳಿ ಹಿಡಿಯಿತು. ಗ್ಯಾಸ್ ಹೀಟರ್ ಹಚ್ಚಿದೆವು. ಸಾಲದೆಂದು ಕಿಟಕಿಯ ಸಂದಿಗಳಿಗೆ ಟವೆಲ್, ಬಾಗಿಲ ಕೆಳಗೆ ನನ್ನ ಪಂಚೆ ತುರುಕಿದೆವು. ಅನ್ನ ಸಾರು ಉಂಡು ಮಲಗಿದೆವು. ತಲೆ ಭಾರವಾಗಿತ್ತು, ಊಟದ ಅಮಲು ಅಂದುಕೊಂಡೆ.

ಆಗ ಹೊರಗಿನಿಂದ ಯಾರೋ ನನ್ನನ್ನು ಕರೆದರು. ನಮ್ಮ ಮನೆಯಲ್ಲಿ ಮಾತ್ರ ಕರೆಯುವ ಹೆಸರು. ಅದನ್ನು ಅಮೆರಿಕದಲ್ಲಿ ಯಾರಿಗೂ ಹೇಳಿರಲಿಲ್ಲ. ಏಳಹೋದೆ. ಬಸವರಾಜ ಕಣ್ಣು ಮುಚ್ಚಿಕೊಂಡೇ ತೋಳು ಹಿಡಿದ.

"ಲೇ, ಸುಮ್ನ ಬೀಳು. ದೆವ್ವ ಮೂರು ಸಲ ಕರಿಯೂದಿಲ್ಲ. ಮೂರನೇ ಸಲ ಕರದ್ರ ಓ ಅನ್ಬೇಕು. ನಿಮ್ಮ ಮೈಸೂರಾಗ ಕಲಿಸಿಲ್ಲೇನು?"

"ಟೆಕ್ಸಾಸ್ ದೆವ್ವಕ್ಕೆ ಕನ್ನಡ ಎಲ್ಲಿಂದ ಬರುತ್ತಯ್ಯಾ?"

ಇಬ್ಬರೂ ನಕ್ಕೆವು. ಆದರೂ ಓಗೊಡಲಿಲ್ಲ, ನಂಬದ ನಾನೂ ಕಾದೆ. ಎರಡನೆಯ ಕರೆ ಬಂತು, ಬಾಗಿಲಿಗೇ ಬಾಯಿಟ್ಟು ಕರೆದಂತೆ. ತಡೆಯಲಾಗದೆ "ಓ" ಎಂದು ಎದ್ದೆ. ಕಾಲು ನಿಲ್ಲಲಿಲ್ಲ. ತೆವಳಿಕೊಂಡು ಹೋಗಿ, ಪಂಚೆ ಎಳೆದು ಬಾಗಿಲು ತೆಗೆದೆ. ಹೊರಗೆ ಯಾರೂ ಇರಲಿಲ್ಲ. ತಣ್ಣನೆಯ ಗಾಳಿ ಮುಖಕ್ಕೆ ಬಡಿದ ಮೇಲೆ ತಿರುಗಿ ನೋಡಿದರೆ ಬಸವರಾಜ ಅಲುಗಾಡುತ್ತಿಲ್ಲ. ಅವನ ಕಾಲು ಹಿಡಿದು ಅಂಗಳಕ್ಕೆ ಎಳೆದದ್ದು, ಕೂಗಿಕೊಂಡದ್ದು, ಅಷ್ಟೇ ನೆನಪು.

ಹೀಟರಿನ ವಿಷಾನಿಲ, ಅದಕ್ಕೆ ವಾಸನೆಯಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಇಬ್ಬರೂ ಏಳುತ್ತಿರಲಿಲ್ಲವಂತೆ. ವಿಷ ಏರಿದಾಗ ಇಲ್ಲದ ದನಿ ಕೇಳಿಸುವುದುಂಟು ಎಂದರು. ಒಪ್ಪಿಕೊಂಡೆ. ಬಸವರಾಜನಿಗೆ ಎಚ್ಚರವಾದಾಗ, ನನ್ನನ್ನು ಕರೆದದ್ದು ಅಂಥ ದನಿಯೇ ಎಂದು ಅವನಿಗೂ ಹೇಳಿದೆ.

"ನಿನ್ನ ಎಲ್ಲಿ ಕರದ್ರೋ?" ಎಂದ. "ಕರದಿದ್ದು ನನ್ನ. ನಮ್ಮ ಮನ್ಯಾಗ ಕರಿಯೂ ಹೆಸರಿಲೆ."

ಒಂದೇ ಹೊತ್ತಿಗೆ ಇಬ್ಬರಿಗೂ ಅವರವರ ಹೆಸರು ಹೇಗೆ ಕೇಳಿತು? ಯಾರೂ ಬಿಡಿಸಿ ಹೇಳಿಲ್ಲ. ನನ್ನಿಂದಲೂ ಇವತ್ತಿಗೂ ಆಗಿಲ್ಲ. ಮೂರನೆಯ ಕರೆಯಂತೂ ಬರಲೇ ಇಲ್ಲ. ಅದಕ್ಕೆ ಕಾಯುತ್ತಾ ಮಲಗಿದ್ದರೆ ಎಂಬ ಯೋಚನೆ ತಿಂಗಳುಗಟ್ಟಲೆ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೂರಿಸುತ್ತಿತ್ತು.

ಬೇಸಿಗೆ ರಜೆಗೆ ಆಸ್ಟಿನ್ ಪಟ್ಟಣಕ್ಕೆ ಹೋಗಿ ಒಂದು ಕೋಣೆ ಹಿಡಿದೆ. ಅಲ್ಲಿಗೆ ಬಂದ ಬಸವರಾಜ ನಿದ್ದೆಗೆಟ್ಟ ನನ್ನ ಕಣ್ಣು ನೋಡಿದ. ರಾತ್ರಿ ಕಿಟಕಿಗಳನ್ನೆಲ್ಲ ತೆರೆದು, ತನ್ನ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡ.

"ಇವತ್ತ ಯಾರರೆ ಕರದ್ರ ಮೊದಲನೇ ಸಲಕ್ಕ ನಾ ಓ ಅಂತೀನಿ. ನೀ ಮಲ್ಕೋ."

ಕಣ್ಣು ಬಿಟ್ಟಾಗ ಬಿಸಿಲು ಮಂಚದ ಮೇಲೆ ಬಂದಿತ್ತು. ಅವನು ಬಾಗಿಲಿಗೆ ಅಡ್ಡಲಾಗಿ ಗೊರಕೆ ಹೊಡೆಯುತ್ತಿದ್ದ.