ಜಹೂರ ಮುಚ್ಚಲೊಲ್ಲದ ಡಿಸ್ಕ್

ಕೆಳಮನೆಯ ಜಹೂರ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ನಮ್ಮ ಕಾನ್‌ಸ್ಟಂಟೀನ್ ಊರಿನ ತೂಗುಸೇತುವೆಗಳಾದರೂ ಗಾಳಿ ನಿಂತಾಗ ನಿಲ್ಲುತ್ತವೆ, ಈ ಹೆಂಗಸು ನಿಂತವಳಲ್ಲ. ಗಂಡ ತಾಹರ್ ತೀರಿಕೊಂಡ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅಂಗಳ, ಅಡುಗೆಮನೆ, ಮತ್ತೆ ಅಂಗಳ.

ತಾಹರ್ ದರ್ಜಿ. ಬಿಡುವಾದಾಗ ಊದ್ ಎಂಬ ತಂತಿವಾದ್ಯ ನುಡಿಸುತ್ತಿದ್ದ. ಕೊನೆಗಾಲದಲ್ಲಿ ಡಿಸ್ಕಿಗೆ ಧ್ವನಿ ಬರೆಯುವ ಯಂತ್ರವೊಂದನ್ನು ತಂದ. ಒಮ್ಮೆ ಬರೆದದ್ದನ್ನು ಅಳಿಸಲು ಬಾರದು. ಹಾಗಾಗಿ ಅವನು ಊದ್ ಎತ್ತಿಕೊಂಡರೆ ಮನೆಯಲ್ಲಿ ಯಾರೂ ತುಟಿ ಎರಡು ಮಾಡುವಂತಿರಲಿಲ್ಲ.

ಡಿಸ್ಕ್ ತುಂಬುವ ಮೊದಲೇ ತಾಹರ್ ಹೋದ. ಅದನ್ನು ಬರೆದ ಯಂತ್ರದಲ್ಲೇ ಮುಚ್ಚಬೇಕು, ಅಂದರೆ ಬರೆದದ್ದು ಮುಗಿಯಿತೆಂದು ಮೊಹರು ಹಾಕಬೇಕು. ಮುಚ್ಚಿದರೆ ಮುಂದೆ ಏನನ್ನೂ ಸೇರಿಸಲಾಗದು, ಮುಚ್ಚದಿದ್ದರೆ ಬೇರೆ ಮನೆಯ ಯಾವ ಪ್ಲೇಯರೂ ಅದನ್ನು ಓದದು. ಈಗ ಯಂತ್ರವೇ ಮುದಿಯಾಗಿ, ಡಿಸ್ಕನ್ನು ಒಂದು ಸಲ ಗುರುತಿಸಿದರೆ ಎರಡು ಸಲ ಉಗುಳುತ್ತಿತ್ತು.

ರಿಪೇರಿಯ ಬೂಜಿದ್ ಬಂದು ಯಂತ್ರದೊಳಗೆ ಇಣುಕಿದ. ಜಹೂರಳನ್ನು ಅವನು ಖಾಲ್ತಿ, ಎಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

"ಖಾಲ್ತಿ, ಇದರ ಕಣ್ಣು ಹೋಗ್ತಾ ಇದೆ. ಬಿಡಿಭಾಗ ಎಲ್ಲೂ ಸಿಗಲ್ಲ. ಇವತ್ತೇ ಮುಚ್ಚಿಬಿಡೋಣ. ನಾಳೆ ಇದು ಸತ್ರೆ, ಆ ಡಿಸ್ಕಲ್ಲಿ ಮುಖ ನೋಡ್ಕೋಬೇಕಷ್ಟೆ."

"ಇನ್ನೂ ಜಾಗ ಇದೆಯಲ್ಲೋ!"

"ಇದ್ರೆ? ಅವ್ರು ಬಂದು ನುಡಿಸ್ತಾರಾ?"

"ಮೊದಲು ನಿನ್ನ ಬಾಯಿ ಮುಚ್ಚೋ, ಆಮೇಲೆ ಡಿಸ್ಕು!"

ಅಂಗಳಕ್ಕೆ ಹೋದಳು, ಬಂದಳು, ಮತ್ತೆ ಹೋದಳು. ಅಲ್ಲೇ ಕೂತಿದ್ದ ನನಗೇ ತಲೆ ಕೆಟ್ಟಿತು.

"ಒಂದ್ಗಳಿಗೆ ಕೂತ್ಕೊಳ್ಳೇ, ಮಾರಾಯ್ತಿ," ಎಂದೆ.

ಕೂರಲಿಲ್ಲ. "ಕೊನೇದನ್ನ ಹಾಕು," ಎಂದಳು ಬೂಜಿದ್‌ಗೆ.

ಪುಣ್ಯಕ್ಕೆ ಯಂತ್ರ ಓದಿತು. ಊದ್ ಮುಗಿಯಿತು. ಆಮೇಲೆ ತಾಹರನ ದನಿ: "ಜಹೂರ, ಒಂದು ಕಾಫಿ ತಾರೇ." ಅದರಾಚೆ ಬರೀ ಮೌನ. ರೆಕಾರ್ಡ್ ಹಾಳಾದೀತೆಂದು ಅವಳು ಆ ದಿನ ಬಾಯಿ ಬಿಟ್ಟಿರಲಿಲ್ಲ. ಅಷ್ಟು ವರ್ಷ ಜೊತೆಗೆ ಬಾಳಿದವಳ ಒಂದೇ ಒಂದು ಮಾತೂ ಡಿಸ್ಕಿನಲ್ಲಿಲ್ಲ.

"ಕರೆದದ್ದಕ್ಕೆ ಓ ಅನ್ನದೆ ಹೇಗೋ ಮುಚ್ಚಲಿ?" ಎಂದಳು.

ಬೂಜಿದ್ ಮೈಕಿನ ತಂತಿ ಸಿಕ್ಕಿಸಿದ. ಜಹೂರ ಅಡುಗೆಮನೆಗೆ ಹೋಗಿ ನಿಜವಾಗಿಯೂ ಕಾಫಿ ಕಾಸಿ, ತಾಹರನಿಗೆ ಇಷ್ಟವಾದ ಹಾಗೆ ಕಿತ್ತಳೆ ಹೂವಿನ ನೀರು ಎರಡು ಹನಿ ಬಿಟ್ಟು, ಲೋಟವನ್ನು ಯಂತ್ರದ ಪಕ್ಕ ಇಟ್ಟಳು. ಎದುರಿಗೆ ಕೂತಳು. ಬೂಜಿದ್ ಗುಂಡಿ ಒತ್ತಿದ.

"ಬಂದೆ ಇರಿ, ಕಾಫಿ ತಂದಿದೀನಿ. ಸಕ್ಕರೆ ಕಮ್ಮಿ ಹಾಕಿದೀನಿ, ರಗಳೆ ಮಾಡ್ಬೇಡಿ."

ಆಮೇಲೆ ಬೂಜಿದ್‌ನತ್ತ ತಿರುಗಿ, ಮುಚ್ಚು ಎಂದು ಕೈಸನ್ನೆ ಮಾಡಿದಳು. ಬಾಯಿ ಬಿಡಲಿಲ್ಲ.