ಕಾಲರಿನ ಗುಂಡಿ

ನಮ್ಮ ವಿಭಾಗದ ಹಿರಿಯ ಮೇಡಂಗೆ ನಾವು ಇಟ್ಟಿದ್ದ ಹೆಸರು ಕೈಕಟ್ಟಮ್ಮ. ರೋಗಿಯ ಎದುರು ನಿಂತಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಸ್ಟ್ರೋಕ್ ಆದವರೊಬ್ಬರು ಲೋಟ ಎತ್ತಲು ಪರದಾಡುತ್ತಿರುತ್ತಾರೆ, ಹಣೆಯೆಲ್ಲ ಬೆವರು, ಲೋಟ ಇನ್ನೇನು ಬಿತ್ತು ಅನ್ನುವಾಗ ನಮ್ಮ ಕೈ ತಂತಾನೇ ಮುಂದೆ ಹೋಗಿಬಿಡುತ್ತದೆ. ಮೇಡಂ ಕೈ ಹೋಗುತ್ತಿರಲಿಲ್ಲ. ಬಿದ್ದರೆ ಬೀಳಲಿ, ಒರೆಸಿದರಾಯಿತು. "ನೀನು ಹಿಡಿದ್ರೆ ಲೋಟ ಉಳಿಯುತ್ತೆ, ಅವರ ಕೈ ಹೋಗುತ್ತೆ," ಎಂದು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಎಲ್ಲರೆದುರು ಬೈಯುವ ಅಭ್ಯಾಸ ಅವರಿಗಿರಲಿಲ್ಲ.

ನಮ್ಮದು ಆಕ್ಯುಪೇಶನಲ್ ಥೆರಪಿ. ಈ ಹೆಸರು ಕೇಳಿದ ಕೂಡಲೇ ನನ್ನ ಚಿಕ್ಕಮ್ಮ, "ಹಾಗಾದ್ರೆ ನಮ್ಮವನಿಗೂ ಎಲ್ಲಾದ್ರೂ ಒಂದು ಕೆಲಸ ಕೊಡಿಸೇ," ಎಂದಿದ್ದಳು. ಕೆಲಸ ಕೊಡಿಸುವುದಲ್ಲ ಚಿಕ್ಕಮ್ಮ, ಮರೆತುಹೋದ ಕೆಲಸಗಳನ್ನು ಕೈಗೆ ಮತ್ತೆ ಕಲಿಸುವುದು. ಹಲ್ಲುಜ್ಜುವುದು, ತಲೆ ಬಾಚುವುದು, ಟೀ ಕಾಸುವುದು, ಶರ್ಟು ಹಾಕಿಕೊಳ್ಳುವುದು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಇದಕ್ಕೆಂದೇ ಒಂದು ಅಡುಗೆಮನೆ ಇದೆ. ಒಲೆ, ಸಿಂಕು, ಕಪಾಟು ಎಲ್ಲವೂ ಇವೆ, ಯಾರೂ ಸಂಸಾರ ಮಾಡುವುದಿಲ್ಲ ಅಷ್ಟೆ. ಮಧ್ಯಾಹ್ನ ಅದು ಖಾಲಿಯಾದ ಮೇಲೆ ಮೇಡಂ ಅಲ್ಲಿಯ ಮೇಜಿನ ಮೇಲೆ ತಮ್ಮ ಡಬ್ಬಿ ತೆರೆದು ಒಬ್ಬರೇ ಊಟ ಮಾಡುತ್ತಿದ್ದರು. ನಾವು ಐದು ಜನ ಕಿರಿಯ ಥೆರಪಿಸ್ಟುಗಳು ಕೆಳಗೆ ಕ್ಯಾಂಟೀನಿನಲ್ಲಿ ಗಲಗಲ ಎನ್ನುತ್ತಿದ್ದೆವು. ಯಾರ ಕೆಲಸಕ್ಕೆ ತಾನು ಮಾರ್ಕು ಹಾಕಬೇಕೋ ಅವರೊಂದಿಗೆ ಹರಟೆಗೆ ಕೂರಬಾರದು ಎಂಬುದು ಅವರ ನಿಯಮ. ಆ ನಿಯಮ ಬೇಕೆಂದು ಬೇರೆ ಯಾರೂ ಕೇಳಿರಲಿಲ್ಲ, ಅವರಾಗಿಯೇ ಹಾಕಿಕೊಂಡದ್ದು.

ನಿಯಮಗಳೆಂದರೆ ಅವರಿಗೆ ಪ್ರಾಣ. ವಿಭಾಗದ ಇಪ್ಪತ್ತೆರಡು ಪುಟಗಳ ಕೈಪಿಡಿ ಅವರೇ ಬರೆದದ್ದು. ಚಿಕಿತ್ಸೆ ಶುರುವಾಗುವ ಮೊದಲು ರೋಗಿಗೆ ಏನು ಬೇಕೆಂದು ಕೇಳಿ, ಅವರ ಮಾತನ್ನು ಇದ್ದ ಹಾಗೆಯೇ ಒಂದನೇ ಚೌಕದಲ್ಲಿ ಬರೆಯಬೇಕು. ಎರಡನೇ ಚೌಕದಲ್ಲಿ ಅದನ್ನು ಅಳೆಯಲು ಬರುವಂಥ ಗುರಿಯಾಗಿ ಬರೆಯಬೇಕು: ಇಷ್ಟು ವಾರಗಳಲ್ಲಿ, ತಾನಾಗಿಯೇ, ಇಂಥದ್ದನ್ನು ಮಾಡುವರು. 'ತಾನಾಗಿಯೇ' ಎಂಬ ಪದ ಇಲ್ಲದ ಗುರಿ ಅವರ ಮೇಜಿನಿಂದ ಕೆಂಪು ಗೆರೆ ಹೊತ್ತು ವಾಪಸು ಬರುತ್ತಿತ್ತು. ಪ್ರತಿ ಸೋಮವಾರ ಮೂರು ಗಂಟೆಗೆ ನಾನು ಅವರ ಕೋಣೆಯಲ್ಲಿ ಕೂತು ವಾರದ ಕೆಲಸ ಒಪ್ಪಿಸಬೇಕಿತ್ತು. ಎರಡು ಕುರ್ಚಿ, ಒಂದು ಮೇಜು, ನನ್ನ ಪುಸ್ತಕ, ಕೊನೆಯಲ್ಲಿ ಅವರ ಸಹಿ. ಮೊದಲ ವರ್ಷ ನಾನು ಭಾನುವಾರ ಸಂಜೆಯೇ ಪುಸ್ತಕ ತೆರೆದು, ಕೆಂಪು ಗೆರೆ ಎಲ್ಲಿ ಬೀಳಬಹುದೆಂದು ಹುಡುಕುತ್ತ ಕೂರುತ್ತಿದ್ದೆ.

ಎರಡನೇ ವರ್ಷ ಅವರ ಗಂಡನಿಗೆ ಸ್ಟ್ರೋಕ್ ಆಯಿತು.

ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ಜೀವ ಉಳಿಯಿತು, ಮಾತು ಉಳಿಯಿತು, ಬಲಗೈ ಮಾತ್ರ ಮುನಿಸಿಕೊಂಡು ಕೂತಿತು. ಮನೆಗೆ ಬಂದ ಮೇಲೆ ಮೇಡಂ ಎಂಟು ತಿಂಗಳು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟನ್ನು ಕುರ್ಚಿಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತರು. ಗಂಡ ನಲವತ್ತು ನಿಮಿಷ ಒದ್ದಾಡಿ ಎರಡು ಗುಂಡಿ ಹಾಕಿ, ಶರ್ಟು ಬಿಸಾಕಿ, ದಿನವಿಡೀ ಬನಿಯನ್ನಿನಲ್ಲೇ ಕೂರುತ್ತಿದ್ದರಂತೆ. ಕೊನೆಗೆ ಮೇಡಂ ಸೋತರು. ತನ್ನವರಿಗೆ ತಾನೇ ಚಿಕಿತ್ಸೆ ಕೊಡಬಾರದು ಎಂದು ಕೈಪಿಡಿಯಲ್ಲಿ ಬರೆದವರೇ ಅದನ್ನು ಮುರಿದಿದ್ದರು. ಒಂದು ಸೋಮವಾರ ನನ್ನನ್ನು ಕೂರಿಸಿ ಹೇಳಿದರು.

"ನಮ್ಮೆಜಮಾನ್ರನ್ನ ನೀನು ನೋಡ್ಬೇಕು. ವಾರಕ್ಕೊಂದು ಗಂಟೆ, ನಮ್ಮನೇಲೇ. ಆ ಹೊತ್ತಲ್ಲಿ ನಾನು ಒಳಗಿರಲ್ಲ. ಫೈಲ್ ಮುಟ್ಟಲ್ಲ. ನಿನ್ನನ್ನ ಏನೂ ಕೇಳಲ್ಲ. ನೀನೂ ಏನೂ ಹೇಳ್ಬಾರದು."

"ಮತ್ತೆ ನನಗೇನಾದ್ರೂ ಅನುಮಾನ ಬಂದ್ರೆ, ಮೇಡಂ?"

ಇನ್ನೊಂದು ಆಸ್ಪತ್ರೆಯ ಹಿರಿಯರೊಬ್ಬರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರು. "ಈ ಕೇಸಿಗೆ ಅವರೇ ನಿನ್ನ ಮೇಲ್ವಿಚಾರಕರು. ಕೊನೇಲಿ ಫೈಲ್ ಪರಿಶೀಲನೆನೂ ಅವರದ್ದೇ. ಸಣ್ಣ ವಿಷಯಕ್ಕೂ ಫೋನ್ ಮಾಡು."

ಆ ಚೀಟಿಯನ್ನು ಪರ್ಸಿನಲ್ಲಿಟ್ಟೆ. ಹನ್ನೆರಡು ವಾರದಲ್ಲಿ ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಶರ್ಟಿನ ಗುಂಡಿ ಹಾಕಿಸುವುದಕ್ಕೆ ಯಾರನ್ನು ಕೇಳುವುದು ಎಂಬ ಜಂಬ ನನ್ನದು.

ಅವರ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟಿಲ್ಲ. ಮನೆ ಚಿಕ್ಕದು, ಅಡುಗೆಮನೆಯಲ್ಲಿ ನಿಂತರೆ ಹಜಾರದ ಮಾತೆಲ್ಲ ಕೇಳುತ್ತಿತ್ತು. ಹಾಗಾಗಿ ನಾನು ಬೆಲ್ ಒತ್ತಿದ ಕೂಡಲೇ ಮೇಡಂ ಕೈಚೀಲ ಹಿಡಿದು ಹೊರಬಂದು, ಅರ್ಧ ಮಹಡಿ ಇಳಿದು, ತಿರುವಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ತಮ್ಮದೇ ಮನೆಯ ಹೊರಗೆ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಗಡಿಯಾರ ನೋಡುತ್ತ. ಮೇಲಿನ ಮನೆಯಾಕೆ ಒಮ್ಮೆ ಇಳಿದು ಬರುತ್ತ, "ಕೀ ಕಳ್ಕೊಂಡ್ರಾ?" ಎಂದು ಕೇಳಿದ್ದು ನನ್ನ ಕಿವಿಗೇ ಬಿತ್ತು. "ಇಲ್ಲ, ಕೀ ಇದೆ," ಎಂದರು ಮೇಡಂ. ಇದ್ದೂ ಯಾಕೆ ಇಲ್ಲಿ ಕೂತಿದ್ದೀರಿ ಎಂದು ಕೇಳುವ ಧೈರ್ಯ ಆ ಹೆಂಗಸಿಗೆ ಬರಲಿಲ್ಲ.

ಮೊದಲ ದಿನ ನಾನು ಫಾರಂ ತೆಗೆದು ಒಂದನೇ ಚೌಕದ ಪ್ರಶ್ನೆ ಕೇಳಿದೆ. "ನಿಮಗೆ ಏನು ಆಗ್ಬೇಕು ಸರ್?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ಹೇಳ್ತೀಯಾ?"

"ಇಲ್ಲ ಸರ್. ಹೇಳೋ ಹಾಗೇ ಇಲ್ಲ."

"ಮೂವತ್ತು ವರ್ಷದಿಂದ ಆರು ಗುಂಡಿ ನಾನೇ ಹಾಕ್ಕೊತಿದ್ದೆ. ಕಾಲರ್‌ದು ಮಾತ್ರ ಅವಳು. ಕೆಲಸಕ್ಕೆ ಹೊರಡೋ ಮುಂಚೆ ಬಂದು ಹಾಕಿ, ಇಲ್ಲಿ ಎರಡು ಸಲ ತಟ್ಟಿ ಹೋಗೋಳು." ಎಡಗೈಯಿಂದ ಎದೆ ಮುಟ್ಟಿ ತೋರಿಸಿದರು. "ಐದು ಸೆಕೆಂಡಿನ ಕೆಲಸ ಕಣಮ್ಮ. ಆಸ್ಪತ್ರೆಯಿಂದ ಬಂದ್ಮೇಲೆ ಅದೂ ನಿಂತ್ಹೋಯ್ತು. ಎಂಟು ತಿಂಗಳಾಯ್ತು ಅವಳು ನನ್ನ ಮುಟ್ಟಿ. ಅವಳು ಮತ್ತೆ ಕಾಲರ್ ಗುಂಡಿ ಹಾಕ್ಬೇಕು. ಮೊದಲಿನ ಹಾಗೆ. ಅಷ್ಟೇ, ಬರ್ಕೊ."

ಒಂದನೇ ಚೌಕದಲ್ಲಿ ಹಾಗೆಯೇ ಬರೆದುಕೊಂಡೆ. ಎರಡನೇ ಚೌಕಕ್ಕೆ ಬಂದಾಗ ಪೆನ್ನು ನಿಂತಿತು. ಹೆಂಡತಿ ಗುಂಡಿ ಹಾಕುವುದನ್ನು ಅಳೆಯುವುದು ಹೇಗೆ? 'ತಾನಾಗಿಯೇ' ಎಲ್ಲಿ ಬರುತ್ತದೆ? ಆಗ ನನ್ನ ತರಬೇತಿ ಜಾಗೃತವಾಯಿತು ನೋಡಿ. ಹೀಗೆ ಬರೆದೆ: 'ಹನ್ನೆರಡು ವಾರಗಳೊಳಗೆ ತಾನಾಗಿಯೇ, ಕಾಲರಿನದೂ ಸೇರಿ ಶರ್ಟಿನ ಏಳೂ ಗುಂಡಿಗಳನ್ನು ಐದು ನಿಮಿಷದೊಳಗೆ ಹಾಕಿಕೊಳ್ಳುವರು.' ಓದಿ ಹೇಳಿದೆ.

ಬದುಕಿಡೀ ಬೇರೆಯವರ ತಪ್ಪು ಹುಡುಕಿದ ಮನುಷ್ಯ. ಕನ್ನಡಕ ಸರಿಮಾಡಿಕೊಂಡು ಎರಡೂ ಚೌಕಗಳನ್ನು ನೋಡಿದರು. "ನಾನು ಹೇಳಿದ್ದು ಇದಲ್ಲವಲ್ಲ."

"ಅದನ್ನೇ ಸರ್, ಸ್ವಲ್ಪ ನಮ್ಮ ಭಾಷೇಲಿ..."

"ಹೋಗ್ಲಿ ಬಿಡು. ಅಚ್ಚಾಗಿಬಿಟ್ಟಿದೆ," ಎಂದು ನಕ್ಕು, ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದರು. ಆ ನಗುವನ್ನು ಒಪ್ಪಿಗೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಚಿಕಿತ್ಸೆಯೇನೋ ಭರ್ಜರಿಯಾಗಿ ನಡೆಯಿತು. ಮೊದಲು ದೊಡ್ಡ ಗುಂಡಿಗಳನ್ನು ಹೊಲಿದ ಬಟ್ಟೆಯ ತುಂಡು, ಆಮೇಲೆ ಮೇಜಿನ ಮೇಲೆ ಹರಡಿದ ಶರ್ಟು, ಆಮೇಲೆ ಮೈಮೇಲಿನ ಶರ್ಟು. ನಾನೂ ಕೈಕಟ್ಟಿ ನಿಲ್ಲುವುದನ್ನು ಚೆನ್ನಾಗಿ ಕಲಿತೆ. ಏಳನೇ ವಾರ ಅವರು ನಾಲ್ಕು ಗುಂಡಿ ಹಾಕಿದರು. ಕೆಳಗಿಳಿದು ಬಂದಾಗ ಮೆಟ್ಟಿಲ ಮೇಲಿದ್ದ ಮೇಡಂ ಎದ್ದು ನಿಂತರು. "ಅವರು..." ಎಂದು ಶುರುಮಾಡಿ ತಡೆದರು. ಅಭ್ಯಾಸದಂತೆ ಕೈಗಳು ಹಿಂದಕ್ಕೆ ಹೋದವು. ನಾನು ಪಕ್ಕದಲ್ಲಿ ದಾಟುವಾಗ ಕಂಡಿತು: ಎಡ ಮಣಿಕಟ್ಟನ್ನು ಬಲಗೈ ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಉಗುರು ಚರ್ಮಕ್ಕೆ ಇಳಿದಿತ್ತು. ಅಲ್ಲಿ ಹಳೆಯ ಗುರುತುಗಳೂ ಇದ್ದವು. ಎದುರಿಗೆ ಶರ್ಟಿನೊಂದಿಗೆ ಗುದ್ದಾಡುವವರಿಗೆ ಈ ಬೆನ್ನ ಹಿಂದಿನದು ಕಾಣುವುದಾದರೂ ಹೇಗೆ?

"ನಿನಗೆ ಈ ಹೊತ್ತಲ್ಲಿ ಬಸ್ ಸಿಗುತ್ತಾ?" ಎಂದು ಕೇಳಿದರು. "ಸಿಗುತ್ತೆ ಮೇಡಂ," ಎಂದೆ. ಇಬ್ಬರ ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಅವತ್ತಾದರೂ ಆ ಚೀಟಿಯ ನಂಬರಿಗೆ ಫೋನ್ ಮಾಡಬಹುದಿತ್ತು. 'ರೋಗಿಯನ್ನೇ ಕೇಳಿನೋಡು, ಹೆಂಡತಿಗೆ ಹೇಳಲು ಒಪ್ಪುತ್ತಾರೇನೋ' ಎಂದು ಆ ಹಿರಿಯರು ಖಂಡಿತ ಹೇಳುತ್ತಿದ್ದರು. ನನಗೆ ಗುಂಡಿಗಳ ಲೆಕ್ಕವೇ ತಲೆಗೇರಿತ್ತು.

ಹನ್ನೆರಡನೇ ವಾರ ಏಳು ಗುಂಡಿ, ಮೂರು ನಿಮಿಷ ನಲವತ್ತು ಸೆಕೆಂಡು. ನಾನು ಚಪ್ಪಾಳೆ ತಟ್ಟಿದೆ. ಅವರು ಕನ್ನಡಿಯಲ್ಲಿ ಕಾಲರ್ ನೋಡಿಕೊಂಡರು. "ಈಗ ಎಲ್ಲಾ ನಾನೇ ಮಾಡ್ಕೊತೀನಿ, ಅಲ್ವಾ? ಹಾಗಾದ್ರೆ ಎಲ್ಲಿ ಬೇಕಾದ್ರೂ ಇರಬಹುದು." ತಮಾಷೆ ಎಂದುಕೊಂಡು, 'ಆತ್ಮವಿಶ್ವಾಸ ಬಹಳ ಚೆನ್ನಾಗಿದೆ' ಎಂದು ಫೈಲಿನಲ್ಲಿ ಬರೆದೆ. ಗುರಿ ಈಡೇರಿದೆ ಎಂಬಲ್ಲಿ ಟಿಕ್ ಹಾಕಿದೆ.

ಮೂರು ವಾರದ ನಂತರ ಅವರು ಊರಿನ ಆ ತುದಿಯಲ್ಲಿದ್ದ ತಮ್ಮನ ಮನೆಗೆ ಹೋದರು. ಜಗಳವಿಲ್ಲ, ಕೂಗಾಟವಿಲ್ಲ. ಮೇಡಂ ಅದನ್ನು ನನಗೆ ಹೇಳಿದ್ದು ಸೋಮವಾರದ ಮಾತಿನ ಕೊನೆಯಲ್ಲಿ, ಪುಸ್ತಕಕ್ಕೆ ಸಹಿ ಹಾಕುತ್ತ. "ನಮ್ಮನೆಯವರು ಮೈದುನನ ಮನೇಲಿದಾರೆ. ಅಲ್ಲಿ ಮೆಟ್ಟಿಲಿಲ್ಲ." ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ. ಅವತ್ತಿನಿಂದ ಅವರು ಸಂಜೆ ಆರರವರೆಗೂ ವಿಭಾಗದಲ್ಲೇ ಉಳಿಯತೊಡಗಿದರು. ಖಾಲಿ ಅಡುಗೆಮನೆಯ ಚಮಚಗಳನ್ನು ಜೋಡಿಸಿ, ಮತ್ತೆ ತೆಗೆದು, ಮತ್ತೆ ಜೋಡಿಸುತ್ತಿದ್ದರು. ಮನೆಗೆ ಹೋಗಲು ಮನಸ್ಸಿಲ್ಲದವರ ಕೆಲಸ ಅದು.

ವರ್ಷಾಂತ್ಯದಲ್ಲಿ ಫೈಲ್ ಪರಿಶೀಲನೆಯ ಕಾಗದ ಬಂತು. ಹೊರಗಿನ ಆ ಹಿರಿಯರು ರೋಗಿಯ ಹೆಸರಿಲ್ಲದೆ, ಬರೀ ಫೈಲ್ ನಂಬರಿನ ಕೆಳಗೆ ಒಂದೇ ಸಾಲು ಬರೆದಿದ್ದರು: 'ರೋಗಿ ಕೇಳಿದ್ದು ಒಂದು, ಗುರಿ ಬರೆದದ್ದು ಇನ್ನೊಂದು. ವಿವರಣೆ ಪಡೆಯಿರಿ.' ಕಾಗದ ಬರುವುದು ವಿಭಾಗದ ಮುಖ್ಯಸ್ಥರಿಗೆ, ಅಂದರೆ ಮೇಡಂಗೆ. ಆ ನಂಬರು ಯಾರದೆಂದು ಇಬ್ಬರಿಗೂ ಗೊತ್ತು.

ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು.

"ಏನು ಕೇಳಿದ್ರು?" ಎಂದರು.

"ಹೇಳೋ ಹಾಗಿಲ್ಲ, ಮೇಡಂ."

"ಹೌದು," ಎಂದರು. "ಹೌದು. ನಾನು ಕೇಳಬಾರದಿತ್ತು. ಕ್ಷಮಿಸು." ಅವರು ನನ್ನ ಕ್ಷಮೆ ಕೇಳಿದ್ದು ಅದೊಂದೇ ಸಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊರಗೆ ಬಂದವಳೇ ಅವರ ಗಂಡನಿಗೆ ಫೋನ್ ಮಾಡಿದೆ. ನಾನು ಮಾಡಿದ ತಪ್ಪು ಹೇಳಿದೆ. ನೀವು ಮೊದಲ ದಿನ ಕೇಳಿದ್ದನ್ನು ಮೇಡಂಗೆ ತಿಳಿಸಲೇ ಎಂದೆ. ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಹೇಳು," ಎಂದರು ಕೊನೆಗೆ. "ನನಗೇ ಹೇಳೋಕಾಗ್ಲಿಲ್ಲ. ಮೂವತ್ತು ವರ್ಷದ ಹೆಂಡ್ತಿ ಹತ್ರ ಕೇಳಿ ಇಸ್ಕೊಳೋ ವಿಷಯನಾ ಅದು?"

ವಾಪಸು ಹೋಗಿ, ನಿಂತುಕೊಂಡೇ, ಒಂದನೇ ಚೌಕದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಎರಡನೇ ಚೌಕದ್ದನ್ನೂ ಹೇಳಿದೆ.

"ಯಾರು ಕಲಿಸಿದ್ದು ನಿನಗೆ ಹೀಗೆ ಬರೆಯೋಕೆ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಉತ್ತರ ಅವರಿಗೆ ಗೊತ್ತಿತ್ತು. ಮೇಜಿನ ಮೇಲಿದ್ದ ಕೈಪಿಡಿಯನ್ನು ಎಳೆದುಕೊಂಡು, ಡ್ರಾಯರ್ ತೆರೆದು, ಒಳಗಿಟ್ಟರು. "ಅವರು ಸೋಲಬಾರದು ಅಂತ ನಿಂತಿದ್ದೆ ಕಣೇ," ಎಂದರು. "ಒಂದು ಸಲ ಮುಟ್ಟಿದ್ರೆ ನಾನು ಬಿಡ್ತಾನೇ ಇರ್ಲಿಲ್ಲ. ಎಲ್ಲಾ ನಾನೇ ಮಾಡಿಬಿಡ್ತಿದ್ದೆ. ಆ ಭಯ ನನಗೆ."

ಇದನ್ನು ಬರೆಯುವ ಮೊದಲು ಇಬ್ಬರ ಅನುಮತಿಯನ್ನೂ ಬೇರೆಬೇರೆಯಾಗಿ ಪಡೆದಿದ್ದೇನೆ. ಇನ್ನೂ ಬೇರೆಬೇರೆಯಾಗಿಯೇ ಪಡೆಯಬೇಕಾಯಿತು. ಅವರ ಗಂಡ ಓದಿ, ಎರಡು ಕಡೆ ತಿದ್ದಿ ಕಳಿಸಿದರು, ಬಲಗೈಯಲ್ಲಿ. ಮೇಡಂ ಏನನ್ನೂ ತಿದ್ದಲಿಲ್ಲ.

ಕೈಪಿಡಿ ಡ್ರಾಯರಿಗೆ ಸೇರಿದ ಮುಂದಿನ ಸೋಮವಾರ ಮೂರು ಗಂಟೆಗೆ ಹೋದಾಗ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಪುಸ್ತಕ ತೆರೆದೆ.

"ಹೋಗಿದ್ದೆ," ಎಂದರು. "ನಿನ್ನೆ ಬೆಳಿಗ್ಗೆ. ಏಳೂವರೆಗೇ ಹೋದೆ. ಅಷ್ಟು ಹೊತ್ತಿಗೆ ಅವರಿನ್ನೂ ಶರ್ಟ್ ಹಾಕ್ಕೊಂಡಿರಲ್ಲ ಅಂತ."

ನಾನು ಪುಸ್ತಕವನ್ನು ಪಕ್ಕಕ್ಕೆ ಸರಿಸಿದೆ.

"ಅವರೇ ಬಾಗಿಲು ತೆಗೆದ್ರು. ಹಾಕ್ಕೊಂಡು ನಿಂತಿದ್ರು. ಒಂದಾದ್ರೂ ತಪ್ಪಿರುತ್ತೇನೋ ಅಂತ ಮೇಲಿಂದ ಕೆಳಗೆ ನೋಡ್ದೆ. ಏಳೂ ಸರಿಯಾಗಿತ್ತು. ಕಾಲರ್‌ದೂ." ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಕೂರು ಅಂದ್ರು. ಟೀ ಅವರೇ ಮಾಡಿದ್ರು. ಕುಡಿದೆ. ನನ್ನ ಕೈ ಎಲ್ಲಿಟ್ಕೋಬೇಕು ಅಂತಾನೇ ಗೊತ್ತಾಗ್ಲಿಲ್ಲ."

ಆಮೇಲೆ ನನ್ನ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಸಹಿ ಹಾಕುವ ಜಾಗ ಹುಡುಕಿದರು.

"ಕೆಲಸ ಚೆನ್ನಾಗಿ ಮಾಡಿದ್ದೀಯ," ಎಂದರು.